ಗೋಡೆಯ ಮೇಲೆ ಇಪ್ಪತ್ತನಾಲ್ಕು ಡಿಗ್ರಿ

ಫೆಬ್ರವರಿ 3, ಸೋಮವಾರ

ಗ್ರಂಥಾಲಯದ ದುರಸ್ತಿ ಪುಸ್ತಕದಲ್ಲಿ ಬರೆಯಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅದನ್ನಾದರೆ ಪ್ರತಿ ಶನಿವಾರ ಮುಖ್ಯ ಗ್ರಂಥಪಾಲಕರು ಓದಿ ಸಹಿ ಹಾಕುತ್ತಾರೆ. ಇದು ಸ್ಟೋರಿನಲ್ಲಿ ಬಿದ್ದಿದ್ದ ಹಳೆಯ ಖಾಲಿ ಪುಸ್ತಕ. ದೂರು, ಕಾರಣ, ಪರಿಹಾರ ಎಂದು ಮೂರು ಕಾಲಂಗಳಿವೆ. ಗೆರೆ ದಾಟಿ ಬರೆಯುತ್ತೇನೆ, ಕೇಳುವವರು ಯಾರು?

ಇಪ್ಪತ್ತೊಂದು ವರ್ಷದಿಂದ ಇಲ್ಲಿನ ಎ.ಸಿ. ಯಂತ್ರಗಳನ್ನು ನೋಡಿಕೊಳ್ಳುತ್ತಿರುವವಳು ನಾನು. ಬೆಳಿಗ್ಗೆ ಓದುಗರನ್ನು ಒಳಗೆ ಬಿಡುವ ಮುಂಚೆ ಓದುವ ಹಾಲಿನ ನಟ್ಟನಡುವೆ ಒಂದು ನಿಮಿಷ ಸುಮ್ಮನೆ ನಿಲ್ಲುತ್ತೇನೆ. ಗ್ರಂಥಪಾಲಕರು ಗೋಡೆಯ ಮೀಟರಿನ ಪಕ್ಕ ನಿಂತು "ಹೇಳಿ, ಥರ್ಮಾಮೀಟರಮ್ಮ" ಅನ್ನುತ್ತಾರೆ. ನಾನು ಡಿಗ್ರಿ ಹೇಳುತ್ತೇನೆ, ಅವರು ಮೀಟರ್ ನೋಡುತ್ತಾರೆ. ಅರ್ಧ ಡಿಗ್ರಿಗಿಂತ ಹೆಚ್ಚು ತಪ್ಪಿದ್ದೇ ಇಲ್ಲ. ಜ್ವರ ಬಂದ ದಿನವೂ ಜ್ವರವನ್ನು ಕಳೆದು ಹೇಳಿದ್ದೇನೆ.

ಇವತ್ತು ಇಪ್ಪತ್ತಾರೂವರೆ ಅಂದೆ. ಅವರು ಮೀಟರ್ ನೋಡಿದರು, ನನ್ನನ್ನು ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ಮೀಟರ್ ನೋಡಿದರು.

"ಇಪ್ಪತ್ಮೂರು ಅಂತಿದೆಯಲ್ಲಮ್ಮ" ಅಂದರು, ತಪ್ಪು ತಮ್ಮದೇ ಅನ್ನುವ ಹಾಗೆ.

"ಮೀಟರ್ ಕೆಟ್ಟಿದೆ" ಅಂದೆ.

ಸ್ಟೋರಿನಿಂದ ಹೊಸದನ್ನು ತಂದು ಹಾಕಿದೆ. ಅದೂ ಇಪ್ಪತ್ಮೂರು ತೋರಿಸಿತು. ಈಗಿನ ಮಾಲೇ ಇಷ್ಟು.

ಫೆಬ್ರವರಿ 5, ಬುಧವಾರ

ನಮ್ಮ ಮನೆಯಲ್ಲಿ ಒಂಬತ್ತು ಕನ್ನಡಿಗಳಿವೆ. ಇರುವವರು ಮೂರೇ ಜನ: ನಾನು, ನಮ್ಮವರು, ಅತ್ತೆ. ಕನ್ನಡಿ ಕಂಡರೆ ಕೊಳ್ಳುವುದು ನಮ್ಮವರ ಚಟ. ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು, ಅದಕ್ಕೇ ಇರಬೇಕು ಅಂದುಕೊಂಡು ಇಷ್ಟು ವರ್ಷ ಸುಮ್ಮನಿದ್ದೇನೆ. ಇವತ್ತು ಮಾತ್ರ ಮೈಯೆಲ್ಲ ಉರಿಯಿತು. ಸಂಜೆ ಬಾಗಿಲಿಂದ ಅಡುಗೆಮನೆಗೆ ಹೋಗುವಷ್ಟರಲ್ಲಿ ನನ್ನ ಕೆಂಪು ಮುಖವನ್ನು ನಾಲ್ಕು ಸಲ ನೋಡಬೇಕಾಯಿತು.

ನಮ್ಮವರು ನನ್ನ ಮುಖ ನೋಡಿ "ತಪ್ಪಾಯ್ತು" ಅಂದರು.

"ಏನು ತಪ್ಪಾಯ್ತು?"

"ಏನೋ ಆಗಿರುತ್ತೆ."

ಇದು ಅವರ ಇನ್ನೊಂದು ಚಟ. ಹೆಂಗಸರ ದನಿ ಒಂದು ಮೆಟ್ಟಿಲು ಏರಿದರೆ ಸಾಕು, ಎಲ್ಲಿದ್ದರೂ ಕ್ಷಮೆ ಕೇಳುತ್ತಾರೆ. ಒಮ್ಮೆ ರೇಡಿಯೋದಲ್ಲಿ ವಾರ್ತೆ ಓದುತ್ತಿದ್ದವರಿಗೂ ಕೇಳಿದ್ದಾರೆ.

ಅತ್ತೆ ತಮ್ಮ ರೂಮಿನಿಂದಲೇ ಕೂಗಿದರು: "ಯಾರಾದ್ರೂ ಆ ಕಿಟಕಿ ತೆಗೀತೀರಾ? ಬೇಯ್ತಾ ಇದೀನಿ ಇಲ್ಲಿ." ಅತ್ತೆಯ ಸಿಡುಕು ನಮ್ಮ ನೆಂಟರಲ್ಲೆಲ್ಲ ಪ್ರಸಿದ್ಧ. ಮದುವೆಯಾದ ಹೊಸದರಲ್ಲಿ ಅವರ "ಸೆಕೆ, ಸೆಕೆ" ಕೇಳಿ ಕೇಳಿ ಸಾಕಾಗಿ, ಅವರ ರೂಮಿನ ಗೋಡೆಗೆ ಒಂದು ಮೀಟರ್ ತಂದು ನೇತುಹಾಕಿದೆ. "ನೋಡಿ ಅತ್ತೆ, ಇಪ್ಪತ್ತನಾಲ್ಕು. ಇದು ಸೆಕೆಯಲ್ಲ" ಅಂತ ತೋರಿಸಿದೆ. ಇಪ್ಪತ್ತು ವರ್ಷವಾಯಿತು, ಅಲ್ಲೇ ಇದೆ. ರಿಪೇರಿ ಕೆಲಸದವಳು ನಾನು, ಸಾಕ್ಷಿ ಇಟ್ಟೇ ಮಾತಾಡುವವಳು.

ಕಿಟಕಿ ತೆಗೆಯಲಿಲ್ಲ. ಇಪ್ಪತ್ತನಾಲ್ಕೇ ಇತ್ತು.

ಫೆಬ್ರವರಿ 11, ಮಂಗಳವಾರ

ಮೀಟರ್ ಸುಳ್ಳು ಹೇಳುತ್ತಿರುವುದರಿಂದ ಮೈಯನ್ನು ನಂಬಿ ಯಂತ್ರವನ್ನು ಹದಿನೆಂಟಕ್ಕೆ ಇಟ್ಟಿದ್ದೇನೆ. ಹಾಲಿನ ಸೆನ್ಸರುಗಳನ್ನೂ ಬದಲಾಯಿಸಿದೆ, ಆರಕ್ಕೆ ಆರೂ ಹೊಸವು. ಈಗ ನನಗೆ ಹಾಯಾಗಿದೆ. ಓದುಗರದ್ದು ತಕರಾರು. ದಿನಾ ಮೊದಲು ಬಂದು ಪತ್ರಿಕೆ ಹಿಡಿಯುವ ತಾತನೊಬ್ಬರಿದ್ದಾರೆ, ಅವರು ಮಫ್ಲರ್ ಸುತ್ತಿಕೊಂಡು ಬಂದಿದ್ದರು. ಪುಟ ತಿರುವುವಾಗ ಕೈ ನಡುಗಿ ಪತ್ರಿಕೆ ಹರಿಯಿತು.

"ಏನಮ್ಮ, ನಮ್ಮನ್ನೆಲ್ಲ ಕೆಡದ ಹಾಗೆ ಇಟ್ಟುಕೊಳ್ಳೋ ಯೋಚನೆನಾ?" ಅಂದರು.

ವಯಸ್ಸಾದವರಿಗೆ ಚಳಿ ಸಹಜ ಅಂತ ತಿಳಿಹೇಳಿದೆ.

ಇದರ ಜೊತೆಗೆ ಚಿಲ್ಲರೆ ರಿಪೇರಿಗಳು. ಬಲಗೈ ಭುಜದಿಂದ ಮೇಲಕ್ಕೆ ಏಳುತ್ತಿಲ್ಲ. ಕಣ್ಣಲ್ಲಿ ಮರಳು ಬಿದ್ದಂತೆ. ಎದೆ ಆಗಾಗ ಕಾರಣವಿಲ್ಲದೆ ಡಬಡಬ ಅನ್ನುತ್ತದೆ. ಇವತ್ತು ಸ್ಪ್ಯಾನರ್ ಹುಡುಕುತ್ತ ಅರ್ಧ ಗಂಟೆ ಕಳೆದೆ, ಅದು ನನ್ನ ಕೈಯಲ್ಲೇ ಇತ್ತು. ಆಮೇಲೆ ಸ್ಪ್ಯಾನರಿಗೆ ಸ್ಪ್ಯಾನರ್ ಅನ್ನುವುದೇ ಮರೆತು, ಸಹಾಯಕನಿಗೆ "ಅದು, ಆ ತಿರುಗಿಸೋದು" ಅಂದೆ.

ಫೆಬ್ರವರಿ 14, ಶುಕ್ರವಾರ

ರಜೆ ಹಾಕಿ ಎಲ್ಲವನ್ನೂ ಒಂದೇ ದಿನದಲ್ಲಿ ಮುಗಿಸಿಬಿಟ್ಟೆ. ಮೂಳೆ ಡಾಕ್ಟರು ಭುಜಕ್ಕೆ ವ್ಯಾಯಾಮ ಹೇಳಿದರು. ಕಣ್ಣಿನ ಡಾಕ್ಟರು ಹನಿ ಕೊಟ್ಟರು. ಹೃದಯದ ಡಾಕ್ಟರು ಇ.ಸಿ.ಜಿ. ತೆಗೆದು "ಹಾರ್ಟ್ ಗಡಿಯಾರದ ಹಾಗಿದೆ, ಟೆನ್ಶನ್ ಬಿಡಿ" ಅಂದರು. ಟೆನ್ಶನ್ ಬಿಡಿ ಅಂದಿದ್ದಕ್ಕೆ ಎಷ್ಟು ಟೆನ್ಶನ್ ಬಂತೆಂದರೆ ಮತ್ತೆ ಡಬಡಬ ಶುರುವಾಯಿತು, ಅಷ್ಟರಲ್ಲಿ ತಂತಿಗಳನ್ನು ಬಿಚ್ಚಿಬಿಟ್ಟಿದ್ದರು.

ಯಂತ್ರದ ಕೋಣೆಯ ಗೋಡೆಯ ಮೇಲೆ ಸಹಾಯಕರಿಗಾಗಿ ನಾನೇ ದೊಡ್ಡದಾಗಿ ಬರೆದಿಟ್ಟಿದ್ದೇನೆ: 'ಹತ್ತು ದೂರು ಒಟ್ಟಿಗೆ ಬಂದರೆ ಹತ್ತು ಭಾಗ ಬದಲಾಯಿಸಬೇಡಿ. ಎಲ್ಲಕ್ಕೂ ಹೋಗುವ ಒಂದು ತಂತಿ ಹುಡುಕಿ.' ಯಾಕೋ ಇವತ್ತು ಅದು ನೆನಪಾಯಿತು. ಅಲ್ಲಿನ ಬಣ್ಣ ಉದುರುತ್ತಿದೆ, ಹೊಸದಾಗಿ ಬರೆಯಬೇಕು.

ಫೆಬ್ರವರಿ 19, ಬುಧವಾರ

ಮೆಮೊ ಬಂತು.

ಹದಿನಾಲ್ಕು ಓದುಗರು ಸಹಿ ಮಾಡಿ ನಿರ್ದೇಶಕರಿಗೆ ದೂರು ಕೊಟ್ಟಿದ್ದಾರೆ. ಮೊದಲ ಸಹಿ ಮಫ್ಲರ್ ತಾತನದು, ನಡುಗಿದ ಅಕ್ಷರ. ಮಾರ್ಚ್ ಮೂರರಂದು ಹೊರಗಿನ ಕಂಪನಿಯ ಪರೀಕ್ಷಕ ಬಂದು ನೋಡುತ್ತಾನಂತೆ. ಅಷ್ಟರಲ್ಲಿ ದೋಷ ಪತ್ತೆಯಾಗದಿದ್ದರೆ ಯಂತ್ರಗಳ ಉಸ್ತುವಾರಿ ಆ ಕಂಪನಿಗೆ, ನಾನು ಹಳೆ ಪತ್ರಿಕೆಗಳ ಗೋದಾಮಿಗೆ. ಗೋದಾಮಿಗೆ ಎ.ಸಿ. ಇಲ್ಲ. ಕಿಟಕಿಯೂ ಇಲ್ಲ.

ಗ್ರಂಥಪಾಲಕರು ಮೆಮೊ ಕೊಡುವಾಗ ನನ್ನ ಮುಖ ನೋಡಲಿಲ್ಲ. ಬೆಳಗಿನ "ಹೇಳಿ, ಥರ್ಮಾಮೀಟರಮ್ಮ" ಮೂರು ದಿನದಿಂದ ನಿಂತಿದೆ. ಅವರೊಬ್ಬರೇ ಮೀಟರ್ ನೋಡಿ, ಬರೆದುಕೊಂಡು, ಶಾಲು ಹೊದ್ದು ಹೋಗುತ್ತಾರೆ. ಅವಮಾನವಾಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ನನಗೆ ಓದು ಹೆಚ್ಚಿಲ್ಲ, ಸರ್ಟಿಫಿಕೇಟು ಒಂದೇ ಒಂದು. ನನ್ನ ಹತ್ತಿರ ಇದ್ದದ್ದು ಈ ಮೈ. ಅದು ಹೇಳಿದ್ದು ತಪ್ಪಾಗುತ್ತಿರಲಿಲ್ಲ.

ಫೆಬ್ರವರಿ 20, ಗುರುವಾರ

ಟೀ ಲೋಟ ಎಲ್ಲಿಟ್ಟಿರಿ ಅನ್ನುವ ವಿಷಯಕ್ಕೆ ನಮ್ಮವರ ಮೇಲೆ ಕೂಗಾಡಿದೆ. ಅವರು ಸಂಜೆ ಒಂದು ಕನ್ನಡಿ ತಂದರು. ಹತ್ತನೆಯದು.

ಫೆಬ್ರವರಿ 24, ಸೋಮವಾರ

ಯಂತ್ರವನ್ನು ಬೆಳಿಗ್ಗೆಯಿಂದ ಪೂರ್ತಿ ಬಿಚ್ಚಿ ನೋಡಿದೆ. ಗ್ಯಾಸ್ ಸರಿ. ಫ್ಯಾನ್ ಸರಿ. ಥರ್ಮೋಸ್ಟ್ಯಾಟ್ ಸರಿ. ಎಲ್ಲ ಸರಿ. ಒಂದಾದರೂ ಕೆಟ್ಟಿರಲಿ ಎಂದು ಆಸೆಪಟ್ಟು ಹುಡುಕಿದೆ. ಮತ್ತೆ ಜೋಡಿಸುವಾಗ ಕೈ ಮೇಲೇಳದೆ ಮುಚ್ಚಳ ಹಾಕಲು ಆಗಲಿಲ್ಲ. ಯಂತ್ರದ ಪಕ್ಕ ಕೂತು ಅತ್ತುಬಿಟ್ಟೆ. ಗದ್ದಲದಲ್ಲಿ ಯಾರಿಗೂ ಕೇಳಿಸಿರಲಿಕ್ಕಿಲ್ಲ.

ಮನೆಗೆ ಬಂದು ಅಡುಗೆಮನೆಯಲ್ಲಿ ತಣ್ಣೀರಿನ ತಂಬಿಗೆಯನ್ನು ಕೆನ್ನೆಗೆ ಒತ್ತಿಕೊಂಡು ನಿಂತಿದ್ದೆ. ಹಿಂದಿನಿಂದ ಅತ್ತೆಯ ದನಿ.

"ಎದೆಯಿಂದ ಹೊರಡುತ್ತಾ?"

"ಏನು?"

"ಉರಿ. ಎದೆಯಿಂದ ಹೊರಟು ಕುತ್ತಿಗೆಗೆ ಬಂದು, ಮುಖಕ್ಕೆ ಹತ್ತಿ, ಆಮೇಲೆ ಬೆವರು, ಬೆವರು ಆರಿದ ಮೇಲೆ ಚಳಿ. ಹೌದಾ ಅಲ್ವಾ?"

ತಂಬಿಗೆ ಕೆಳಗಿಟ್ಟೆ. "ನಿಮಗೆ ಹೇಗೆ ಗೊತ್ತಾಯ್ತು ಅತ್ತೆ?"

"ನನ್ನ ಗೋಡೆ ಮೇಲೆ ಇಪ್ಪತ್ತನಾಲ್ಕು ಅಂತ ನೇತುಹಾಕಿದೆಯಲ್ಲ, ಅದಕ್ಕೆ ಮುಂಚೆಯಿಂದ್ಲೂ ಗೊತ್ತು" ಅಂದರು. ಸಿಡುಕಿನಿಂದ ಹೇಳಲಿಲ್ಲ, ಅದೇ ಹೆಚ್ಚು ಚುಚ್ಚಿತು. "ಹೆಂಗಸರ ಡಾಕ್ಟ್ರ ಹತ್ರ ಹೋಗು. ನಾನೂ ಬರ್ತೀನಿ. ನೀನೊಬ್ಬಳೇ ಹೋದ್ರೆ ಅವರಿಗೇ ಪಾಠ ಹೇಳಿ ಬರ್ತೀಯ."

ಮಾರ್ಚ್ 1, ಶನಿವಾರ

ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆಯನ್ನು ಇದುವರೆಗೆ ಮೂವರು ಡಾಕ್ಟರೂ ಕೇಳಿರಲಿಲ್ಲ: "ಕೊನೇ ಸಲ ಮುಟ್ಟಾಗಿದ್ದು ಯಾವಾಗ?"

ಲೆಕ್ಕ ಹಾಕಿದೆ. ಮೂರು ತಿಂಗಳ ಮೇಲಾಗಿತ್ತು. ಅದಕ್ಕೆ ಮುಂಚೆ ಒಂದೇ ತಿಂಗಳಲ್ಲಿ ಎರಡು ಸಲ. ಕೆಲಸದ ಗಡಿಬಿಡಿಯಲ್ಲಿ ನಾನು ಅದನ್ನು ದೂರು ಅಂತ ಬರೆದುಕೊಂಡೇ ಇರಲಿಲ್ಲ.

ನಾನು ಭುಜ ಅಂದೆ, ಅವರು ಬರೆದುಕೊಂಡರು. ಕಣ್ಣು, ಎದೆ, ಮರೆವು, ಕೋಪ, ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದುಕೊಂಡರು. ಆಮೇಲೆ ಹೇಳಿದರು: "ಅಂಡಾಶಯ ಅಂದ್ರೆ ಮಕ್ಕಳಾಗೋದಕ್ಕೆ ಮಾತ್ರ ಅಂತ ಎಲ್ರೂ ತಿಳ್ಕೊಂಡಿದಾರೆ. ಅಲ್ಲಿಂದ ಹೊರಡೋ ಹಾರ್ಮೋನು ಮೈಯೆಲ್ಲ ಸುತ್ತುತ್ತಮ್ಮ. ಮೂಳೆ, ಕೀಲು, ರಕ್ತನಾಳ, ಕಣ್ಣು, ಚರ್ಮ, ಮಿದುಳು, ಎಲ್ಲಾ ಕಡೆ ಅದರ ಕೆಲಸ ಇದೆ. ನಿಮಗೀಗ ನಲವತ್ನಾಲ್ಕು. ಅದು ಏರಿಳಿತ ಶುರು ಮಾಡಿದೆ. ಅದಕ್ಕೇ ಎಲ್ಲಾ ಕಡೆಯಿಂದ ಗಲಾಟೆ."

ಎಲ್ಲಕ್ಕೂ ಹೋಗುವ ಒಂದು ತಂತಿ. ನನ್ನದೇ ಕೈಬರಹ, ನನ್ನದೇ ಗೋಡೆ. ನಾಚಿಕೆಯಾಯಿತು.

"ಹಾಗಾದ್ರೆ ಸೆಕೆ?" ಅಂದೆ. "ಮೀಟರ್ ಇಪ್ಪತ್ಮೂರು ತೋರಿಸ್ತಿದ್ರೂ?"

"ಮೈ ಬಿಸಿ ಹತೋಟೀಲಿಡೋ ಜಾಗ ಒಂದು ಮಿದುಳಲ್ಲಿದೆ. ಮೊದಲು ಸ್ವಲ್ಪ ಹೆಚ್ಚುಕಡಿಮೆ ಆದ್ರೂ ಅದು ತಲೆ ಕೆಡಿಸಿಕೊಳ್ತಿರಲಿಲ್ಲ. ಈಗ ಕೂದಲೆಳೆಯಷ್ಟು ಏರಿದ್ರೂ ಬೆವರಿಸು, ಬೆವರಿಸು ಅಂತ ಕೂಗುತ್ತೆ."

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. "ಡಿಫರೆನ್ಷಿಯಲ್ ಕಡಿಮೆಯಾಗಿದೆ!"

ಡಾಕ್ಟರಮ್ಮ ಅತ್ತೆಯ ಮುಖ ನೋಡಿದರು. ಅತ್ತೆ "ಶುರುವಾಯ್ತು ಪಾಠ" ಅಂದರು.

ಪಾಠ ಮಾಡಿಯೇ ಮಾಡಿದೆ. ಯಂತ್ರ ಇಷ್ಟಕ್ಕೆ ಶುರುವಾಗಬೇಕು, ಇಷ್ಟಕ್ಕೆ ನಿಲ್ಲಬೇಕು ಅಂತ ಥರ್ಮೋಸ್ಟ್ಯಾಟಿನಲ್ಲಿ ಒಂದು ಅಂತರ ಇಟ್ಟಿರುತ್ತೇವೆ, ಅದೇ ಡಿಫರೆನ್ಷಿಯಲ್. ಆ ಅಂತರ ತೀರಾ ಕಡಿಮೆಯಾದರೆ ಯಂತ್ರ ಸುಮ್ಮಸುಮ್ಮನೆ ಶುರುವಾಗಿ ನಿಂತು, ಶುರುವಾಗಿ ನಿಂತು, ಒದ್ದಾಡುತ್ತದೆ. ಕೋಣೆಯದೇನೂ ತಪ್ಪಿರುವುದಿಲ್ಲ. ಡಾಕ್ಟರಮ್ಮ ಪೆನ್ನು ತೆಗೆದು ಬರೆದುಕೊಂಡರು, ಬೇರೆಯವರಿಗೆ ಹೇಳುವುದಕ್ಕೆ ಚೆನ್ನಾಗಿದೆಯಂತೆ. ಅವರು ಕೇಳಿದ್ದಕ್ಕೆ ಇನ್ನೊಂದು ಸಲ ನಿಧಾನವಾಗಿ ಹೇಳಿದೆ. ಎಲ್ಲಕ್ಕೂ ಇದೇ ಕಾರಣ ಅಂತ ಈಗಲೇ ಹೇಳಲಾಗದು, ಥೈರಾಯ್ಡನ್ನೂ ನೋಡೋಣ ಅಂದರು. ಬಿ.ಪಿ. ನೋಡಿ, ಮನೆತನದ ಕಾಯಿಲೆಗಳನ್ನೆಲ್ಲ ಕೇಳಿ, ಚರ್ಮಕ್ಕೆ ಅಂಟಿಸುವ ಹಾರ್ಮೋನ್ ಪಟ್ಟಿಯನ್ನೂ ಜೊತೆಗೊಂದು ಮಾತ್ರೆಯನ್ನೂ ಬರೆದುಕೊಟ್ಟರು.

ಹೊರಡುವಾಗ ಅವರ ಕಣ್ಣು ಅತ್ತೆಯ ಬಾಗಿದ ಬೆನ್ನಿನ ಮೇಲೆ ಬಿತ್ತು. "ನಿಮಗೆ ಯಾವಾಗ ನಿಂತಿತಮ್ಮ?"

"ನಿಲ್ಲೋದೇನು, ತೆಗೆದೇ ಬಿಟ್ರು. ಮೂವತ್ತೆಂಟಕ್ಕೆ ಆಪರೇಷನ್. ಗರ್ಭಕೋಶ, ಅದರ ಪಕ್ಕದ್ದು ಎರಡೂ."

"ಆಮೇಲೆ ಹೀಗೆಲ್ಲ ಆಗುತ್ತೆ ಅಂತ ಯಾರೂ ಏನೂ ಹೇಳಲಿಲ್ವಾ?"

"ಹೇಳಿದ್ರು. ಹೊಲಿಗೆ ಬಿಚ್ಚೋಕೆ ಗುರುವಾರ ಬನ್ನಿ ಅಂದ್ರು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಬಿಡಿಸಿ ಹೇಳಿದರು. ನನಗೆ ಏಳೆಂಟು ವರ್ಷದಲ್ಲಿ ಮೆಲ್ಲಗೆ ಕಡಿಮೆಯಾಗುವ ಹಾರ್ಮೋನು ಅತ್ತೆಗೆ ಒಂದೇ ಬೆಳಿಗ್ಗೆ ನಿಂತುಹೋಗಿತ್ತಂತೆ. ಅಷ್ಟು ಬೇಗ ನಿಂತರೆ ಮೂಳೆ ಸವೆಯುತ್ತದೆ, ಹೃದಯಕ್ಕೂ ಒಳ್ಳೆಯದಲ್ಲ. ಎರಡು ವರ್ಷದ ಹಿಂದೆ ಅತ್ತೆ ಬಚ್ಚಲಲ್ಲಿ ಸ್ವಲ್ಪ ಜಾರಿದ್ದಕ್ಕೇ ಮಣಿಕಟ್ಟು ಮುರಿದಿತ್ತು. ಗಮನವಿಟ್ಟು ನಡೆಯಬಾರದಾ ಅಂತ ನಾನೇ ಗದರಿದ್ದೆ.

ದಾರಿಯಲ್ಲಿ ಅತ್ತೆಯ ಕೈ ಹಿಡಿದುಕೊಂಡೆ. "ಬಿಡೇ, ಸೆಕೆ" ಅಂದರು. ಬಿಟ್ಟೆ.

ಮಾರ್ಚ್ 3, ಸೋಮವಾರ

ಕಂಪನಿಯ ಪರೀಕ್ಷಕ ಟೈ ಕಟ್ಟಿಕೊಂಡು ಬಂದ. ಹಾಲಿನ ಮೂಲೆಮೂಲೆಯಲ್ಲಿ ತನ್ನ ಪುಟ್ಟ ಉಪಕರಣ ಹಿಡಿದ. ಗ್ರಂಥಪಾಲಕರು ಶಾಲಿನೊಳಗಿಂದ ನೋಡುತ್ತಿದ್ದರು. ಮಫ್ಲರ್ ತಾತ ಪತ್ರಿಕೆಯ ಮೇಲಿಂದ ನೋಡುತ್ತಿದ್ದರು.

"ಯಂತ್ರ ತುಂಬಾ ಚೆನ್ನಾಗಿದೆ ಸಾರ್. ಸೆನ್ಸರ್ ಎಲ್ಲ ಹೊಸದು. ಆದರೆ ಹದಿನೆಂಟಕ್ಕೆ ಇಟ್ಟಿದಾರೆ. ಯಾರು ಇಟ್ಟಿದ್ದು?"

ಗ್ರಂಥಪಾಲಕರು ಸೀಲಿಂಗ್ ನೋಡಿದರು. ಪಾಪ, ಈಗಲೂ ನನ್ನ ಹೆಸರು ಹೇಳಲು ಅವರಿಗೆ ಬಾಯಿ ಬರಲಿಲ್ಲ.

"ನಾನು" ಅಂದೆ. ಮಾತಾಡಿದರೆ ದನಿ ನಡುಗುತ್ತದೆ ಅಂತ ಬೆಳಿಗ್ಗೆಯೇ ದುರಸ್ತಿ ಪುಸ್ತಕದಲ್ಲಿ ಬರೆದಿಟ್ಟಿದ್ದೆ. ಅದನ್ನೇ ತೆರೆದು ಅವರ ಮುಂದಿಟ್ಟೆ.

'ದೂರು: ಹಾಲ್ ಅತಿಯಾಗಿ ತಣ್ಣಗಿದೆ. ಕಾರಣ: ಯಂತ್ರದಲ್ಲಿ ದೋಷವಿಲ್ಲ. ಅಳೆಯುವವರ ಅಂಡಾಶಯದ ಹಾರ್ಮೋನಿನಲ್ಲಿ ಏರಿಳಿತ. ಪರಿಹಾರ: ಚಿಕಿತ್ಸೆ ಆರಂಭವಾಗಿದೆ. ಇಂದಿನಿಂದ ಮೀಟರ್ ನೋಡಿ ಇಪ್ಪತ್ಮೂರಕ್ಕೆ ಇಡಲಾಗುವುದು.'

ಪರೀಕ್ಷಕ ಕಿವಿಯವರೆಗೂ ಕೆಂಪಾದ. ಹೊರಗಿನವರು ನೋಡಿದ್ದರೆ ಹಾರ್ಮೋನಿನ ಏರಿಳಿತ ಅವನಿಗೇ ಅಂದುಕೊಳ್ಳುತ್ತಿದ್ದರು. ಗ್ರಂಥಪಾಲಕರು ಎರಡು ಸಲ ಓದಿದರು. ಕನ್ನಡಕ ತೆಗೆದರು. ಗೋದಾಮಿನ ಧೂಳಿನ ವಾಸನೆ ನನಗೆ ಆಗಲೇ ಬಂದ ಹಾಗಾಯಿತು.

"ನಮ್ಮ ಮನೆಯವರು" ಅಂತ ಮೆಲ್ಲಗೆ ಶುರು ಮಾಡಿದರು, "ಎರಡು ವರ್ಷದಿಂದ ಫ್ರಿಜ್ ಬಾಗಿಲು ತೆಗೆದು ಅದರ ಮುಂದೆ ನಿಂತಿರ್ತಾರೆ. ಯಾಕೆ ಅಂತ ಕೇಳಿದ್ರೆ ಹರಿಹಾಯ್ತಾರೆ."

"ನೀವೇನು ಮಾಡಿದ್ರಿ ಸಾರ್?"

"ಫ್ರಿಜ್ ರಿಪೇರಿಗೆ ಕೊಟ್ಟೆ."

ಮಫ್ಲರ್ ತಾತ ಓದುವ ಹಾಲ್ ಅನ್ನುವುದನ್ನೂ ಮರೆತು ಗಹಗಹಿಸಿ ನಕ್ಕುಬಿಟ್ಟರು. ಗ್ರಂಥಪಾಲಕರು 'ನೋಡಿದೆ' ಎಂದು ಬರೆದು ಸಹಿ ಹಾಕಿದರು. ತಮ್ಮ ಕಂಪನಿಗೆ ಇಲ್ಲಿ ಮಾಡಲು ಏನೂ ಕೆಲಸವಿಲ್ಲ ಅಂತ ಪರೀಕ್ಷಕ ವರದಿ ಬರೆದು ಒಂದೇ ಉಸಿರಿಗೆ ಹೊರಟ. ಸಂಜೆ ನಿರ್ದೇಶಕರ ಕಚೇರಿಯವರು ಮೆಮೊ ವಾಪಸು ಪಡೆದರು. ಹೋಗುವಾಗ ಗ್ರಂಥಪಾಲಕರು ಡಾಕ್ಟರಮ್ಮನ ವಿಳಾಸ ಬರೆಸಿಕೊಂಡರು.

ಮಾರ್ಚ್ 9, ಭಾನುವಾರ

ಪಟ್ಟಿ ಅಂಟಿಸಿ ಒಂದು ವಾರ. ಉರಿ ಇನ್ನೂ ಬರುತ್ತದೆ, ಬಂದರೆ ಗಡಿಯಾರ ನೋಡಿ ಬರೆದುಕೊಳ್ಳುತ್ತೇನೆ.

ಮಧ್ಯಾಹ್ನ ಮೂವರೂ ಕೂತಿದ್ದಾಗ ಡಾಕ್ಟರಮ್ಮ ಹೇಳಿದ್ದನ್ನೆಲ್ಲ ನಮ್ಮವರಿಗೆ ಹೇಳಿದೆ. ಅತ್ತೆಯ ಆಪರೇಷನ್ನಿನ ವಿಷಯ ಬಂದಾಗ ಅವರು ಬೆರಳು ಮಡಿಚಿ ಎಣಿಸಿದರು.

"ಆಗ ನನಗೆ ಹನ್ನೆರಡು" ಅಂದರು. "ಅಮ್ಮ, ನಿನಗೆ ಕೋಪ ಬರೋಕೆ ಶುರುವಾಗಿದ್ದು ಆ ಕನ್ನಡಿಯಿಂದ ಅಲ್ವಾ?"

"ಯಾವ ಕನ್ನಡೀನೋ?"

"ನಿನ್ನ ಮದುವೆ ಕನ್ನಡಿ. ನೀನು ಆಸ್ಪತ್ರೆಯಿಂದ ಬಂದ ವಾರ ಚೆಂಡು ಎಸೆದು ಒಡೆದೆನಲ್ಲ. ಅವತ್ತು ನೀನು ಕೂಗಾಡಿದ್ದು… ಅದಕ್ಕೆ ಮುಂಚೆ ನೀನು ಕೂಗಿದ್ದೇ ಇಲ್ಲ. ಆಮೇಲೆ ನಿಲ್ಲಲೇ ಇಲ್ಲ."

ನಾನು ಗೋಡೆ ನೋಡಿದೆ. ಕೂತ ಜಾಗದಿಂದಲೇ ಮೂರು ಕನ್ನಡಿ ಕಾಣುತ್ತಿದ್ದವು. ಇಪ್ಪತ್ತು ವರ್ಷ ಸಂಸಾರ ಮಾಡಿಯೂ ನನಗೆ ಹೊಳೆದಿರಲಿಲ್ಲ. ಅವರು ಪ್ರತಿ ಸಲ ಕ್ಷಮೆ ಕೇಳಿದ್ದು ಆ ಒಂದು ಕನ್ನಡಿಗೆ.

ಅತ್ತೆ ಮಗನನ್ನೇ ನೋಡುತ್ತ ಕೂತರು. ಕೊನೆಗೆ, "ಕನ್ನಡಿ ಒಡೆದದ್ದೇ ನನಗೆ ಜ್ಞಾಪಕ ಇಲ್ಲ ಕಣೋ" ಅಂದರು. "ಒಳಗೆ ಬೆಂಕಿ ಹಾಕಿದ ಹಾಗೆ ಇತ್ತು. ಯಾರ ಮೇಲೆ ಕೂಗಿದೆ, ಯಾಕೆ ಕೂಗಿದೆ, ನನಗೇ ಗೊತ್ತಾಗ್ತಿರಲಿಲ್ಲ. ನಿನ್ನ ತಪ್ಪಲ್ಲ ಕಣೋ ಅದು. ಯಾವತ್ತೂ ಅಲ್ಲ."

ನಮ್ಮವರು ತಲೆ ಬಗ್ಗಿಸಿ ಅತ್ತರು. ನಲವತ್ತಾರು ವರ್ಷದ ಮೇಷ್ಟ್ರು. ಅತ್ತೆ ಅವರ ತಲೆ ಸವರಿದರು, ನನಗೂ ಅಳು ಬಂತು, ಮೂಗು ಒರೆಸಿಕೊಂಡೆ. ಅಷ್ಟರಲ್ಲಿ ಅತ್ತೆಗೆ ಏನೋ ಹೊಳೆಯಿತು. ಕೈ ತೆಗೆದು ಮಗನ ತಲೆಗೊಂದು ಮೊಟಕಿದರು.

"ಅದಕ್ಕೇನೋ ಇಷ್ಟು ಕನ್ನಡಿ ತಂದಿದ್ದು? ನಾನು ಮುದುಕಿ ಆಗ್ತಿರೋದನ್ನ ಹತ್ತು ಕಡೆ ತೋರಿಸಿದೆಯಲ್ಲೋ!"

ಮಾರ್ಚ್ 22, ಶನಿವಾರ

ಅತ್ತೆಯ ಮೂಳೆ ಪರೀಕ್ಷೆಯ ವರದಿ ಬಂತು. ಚೆನ್ನಾಗಿಲ್ಲ. ವಾರಕ್ಕೊಂದು ಮಾತ್ರೆ, ಅದನ್ನು ನುಂಗಿ ಅರ್ಧ ಗಂಟೆ ಮಲಗಬಾರದು. ಆ ಅರ್ಧ ಗಂಟೆ ಇಬ್ಬರೂ ರಸ್ತೆಯ ತುದಿಯವರೆಗೆ ನಡೆದು ಬಂದೆವು. ದಾರಿಯುದ್ದಕ್ಕೂ ನನ್ನ ನಡಿಗೆಯಲ್ಲಿ ತಪ್ಪು ತೆಗೆದರು.

ಏಪ್ರಿಲ್ 12, ಶನಿವಾರ

ದಿನಕ್ಕೆ ಹನ್ನೊಂದು ಸಲ ಬರುತ್ತಿದ್ದ ಉರಿ ಈಗ ಎರಡು ಸಲ. ಕಣ್ಣು ವಾಸಿ. ಭುಜ ಕಿವಿಯವರೆಗೆ ಏಳುತ್ತದೆ. ಸ್ಪ್ಯಾನರಿಗೆ ಸ್ಪ್ಯಾನರ್ ಅಂತಲೇ ಅನ್ನುತ್ತಿದ್ದೇನೆ. ಗ್ರಂಥಪಾಲಕರು ಬೆಳಿಗ್ಗೆ ಮತ್ತೆ "ಹೇಳಿ, ಥರ್ಮಾಮೀಟರಮ್ಮ" ಅಂದರು. ಇಪ್ಪತ್ತನಾಲ್ಕೂವರೆ ಅಂದೆ. ಇಪ್ಪತ್ಮೂರಿತ್ತು. ಒಂದೂವರೆ ಡಿಗ್ರಿ ತಪ್ಪು. ಇಬ್ಬರೂ ನಕ್ಕೆವು. ಅವರ ಮನೆಯ ಫ್ರಿಜ್ಜಿನ ಬಾಗಿಲು ಈಗ ಮುಚ್ಚಿರುತ್ತದಂತೆ. ಮಫ್ಲರ್ ತಾತ ಮಾತ್ರ ಮಫ್ಲರ್ ಬಿಟ್ಟಿಲ್ಲ, ನನ್ನ ಮೇಲೆ ಇನ್ನೂ ನಂಬಿಕೆ ಬಂದಿಲ್ಲವಂತೆ.

ಅತ್ತೆಯ ಸಿಡುಕು ಹಾಗೇ ಇದೆ. ಎಲ್ಲವನ್ನೂ ಹಾರ್ಮೋನಿನ ತಲೆಗೆ ಕಟ್ಟುವಂತಿಲ್ಲ, ಅರ್ಧ ಅವರ ಸ್ವಂತದ್ದು. ನಿನ್ನೆ ನಮ್ಮವರ ಕೈಯಿಂದ ಲೋಟ ಬಿದ್ದು ಚೂರಾಯಿತು. ಅವರು ಅಡುಗೆಮನೆಯಿಂದ ತಲೆ ಹೊರಹಾಕಿ "ಲೋಟ ಒಡೀತು" ಅಂದರು. ಅಷ್ಟೇ. ಆಮೇಲೆ ಪೊರಕೆ ಹುಡುಕಿದರು.

ಇವತ್ತು ಸಂಜೆ ಗ್ರಂಥಾಲಯದ ಸ್ಟೋರಿಗೆ ಒಂದು ಹೆಚ್ಚಿನ ಮೀಟರ್ ಬೇಕಾಗಿತ್ತು, ಅತ್ತೆಯ ರೂಮಿಗೆ ಹೋಗಿ ಗೋಡೆಯ ಮೇಲಿನದನ್ನು ಬಿಚ್ಚಿದೆ. ಸ್ಟೂಲ್ ಹತ್ತಿ, ಬಲಗೈಯಲ್ಲೇ. ಇದ್ದ ಜಾಗದಲ್ಲಿ ಗೋಡೆಯ ಹಳೆಯ ಬಣ್ಣ ಹಾಗೇ ಉಳಿದಿತ್ತು.

ಅತ್ತೆ ಮಂಚದ ಮೇಲೆ ಕೂತು ನೋಡುತ್ತಿದ್ದರು. "ಎಷ್ಟು ತೋರಿಸ್ತಿದೆಯೇ?" ಅಂದರು.

ಮೀಟರನ್ನು ಮಗುಚಿ ಸ್ಟೂಲಿನ ಮೇಲಿಟ್ಟೆ. "ನಿಮಗೆ ಎಷ್ಟು ಅನ್ನಿಸ್ತಿದೆ ಅತ್ತೆ?"

ಅವರು ನನ್ನ ಮುಖವನ್ನೇ ನೋಡಿದರು. ತಮಾಷೆ ಮಾಡುತ್ತಿದ್ದೇನೋ ಅಂತ ಅನುಮಾನ ಬಂದಿರಬೇಕು. ಆಮೇಲೆ "ಸೆಕೆ" ಅಂದರು.

ನನಗೆ ಚಳಿಯಾಗುತ್ತಿತ್ತು. ಹೋಗಿ ಕಿಟಕಿ ತೆಗೆದೆ.